ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಕಾಣೆ!

ಹರಪನಹಳ್ಳಿಯ ನಮ್ಮ ಸೋದರಮಾವ ಮೊನ್ನೆ ಫೋನ್ ಮಾಡಿದ್ದರು. "ಏನಪ್ಪಾ, ನಿನ್ನ ಪುಟ ತೆಗೆದುಬಿಟ್ಟೆಯೇನು? ಮಗಳ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಆ ವಿಳಾಸ ಹಾಕಿದೀವಿ, ಅಚ್ಚೂ ಆಗಿದೆ. ಈಗ ನೋಡಿದ್ರೆ 404 ಅಂತದೆ!"

ತೆಗೆದಿರಲಿಲ್ಲ ಗೆಳೆಯರೇ, ಸರಿಸಿದ್ದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಐದೂ ತಾಲ್ಲೂಕುಗಳ ಗುಡಿ, ಜಾತ್ರೆ, ಶಾಸನಗಳ ಬಗ್ಗೆ ನನ್ನದೊಂದು ಪುಟ್ಟ ತಾಣ ಇದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಹುರುಪಿನಲ್ಲಿ ಎಲ್ಲ ಫೋಲ್ಡರುಗಳಿಗೂ ಹೊಸ ಜಿಲ್ಲೆಯ ಹೆಸರು ಕೊಟ್ಟೆ. ಹಳೇ ವಿಳಾಸ ಹಿಡಿದು ಬರುವವರ ನೆನಪೇ ಆಗಲಿಲ್ಲ. ತಪ್ಪು ನನ್ನದೇ.

ನನ್ನ ವಾದ ಇಷ್ಟೇ: ವಿಳಾಸ ಬದಲಿಸಿದವನೇ ದಾರಿ ತೋರಿಸಬೇಕು. ಆ ಕೆಲಸಕ್ಕೆ ಅಪಾಚೆ ಸರ್ವರಿನಲ್ಲಿ ರೀರೈಟ್ ರೂಲ್ ಇದೆ. ಬಂದ ವಿಳಾಸ ಒಂದು ನಮೂನೆಗೆ (ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನೋದು ಇದಕ್ಕೇ) ಹೊಂದಿದರೆ ಹೊಸ ಜಾಗಕ್ಕೆ ಕಳಿಸು ಅನ್ನುವ ಒಂದು ಸಾಲು, ಜೊತೆಗೆ "ಶಾಶ್ವತವಾಗಿ ಹೋಗಿದೆ" ಎನ್ನುವ 301 ಸಂಕೇತ. ನೂರಾರು ಪುಟಕ್ಕೂ ಒಂದೇ ಸಾಲು ಸಾಕು.

ನಮ್ಮ ಹರಪನಹಳ್ಳಿಯ ಕಥೆ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್, 2021ರಲ್ಲಿ ವಿಜಯನಗರಕ್ಕೆ. ಇಷ್ಟೆಲ್ಲ ಆದರೂ ಅಂಚೆ ಪಿನ್ ಮಾತ್ರ 583131. ದಾವಣಗೆರೆಯ 577ಕ್ಕೆ ಅದು ಹೋಗಲೇ ಇಲ್ಲ! ಅಂಚೆಯವರಿಗಿದ್ದ ಬುದ್ಧಿ ನನಗಿರಲಿಲ್ಲ :) ಊರಿನ ಹೆಸರಿಗಿಂತ ಬೇಗ ಬದಲಾಗುವ ಜಿಲ್ಲೆಯ ಹೆಸರನ್ನು ವಿಳಾಸದಲ್ಲಿ ಹಾಕಲೇಬಾರದು. ಈಗ ಜಿಲ್ಲೆಯನ್ನೇ ಕಿತ್ತುಹಾಕಿ ಹೀಗೆ ಬರೆದಿದ್ದೇನೆ:

^(ದಾವಣಗೆರೆ|ಬಳ್ಳಾರಿ|ವಿಜಯನಗರ)/ಹರಪನಹಳ್ಳಿ/(.*)$

ಹೋಗಬೇಕಾದ್ದು: /ಹರಪನಹಳ್ಳಿ/$2

ಮೊದಲ ಕಂಸದಲ್ಲಿರುವ ಮೂರರಲ್ಲಿ ಯಾವುದಿದ್ದರೂ ಸರಿ; ಎರಡನೇ ಕಂಸದಲ್ಲಿ ಸಿಕ್ಕಿದ್ದು $2 ಆಗಿ ಹಾಗೇ ಮುಂದೆ ಹೋಗುತ್ತದೆ.

ಕೊಟ್ಟೂರು ಮಾತ್ರ ತಲೆ ತಿಂದಿತು. 2017ರಲ್ಲಿ ಹೊಸ ತಾಲ್ಲೂಕು ಅಂತ ಘೋಷಣೆ ಆಗುವ ಮೊದಲು ಅದು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ನನ್ನ ಹಳೇ ಪುಟಗಳೂ ಬಳ್ಳಾರಿ/ಕೂಡ್ಲಿಗಿ/ಕೊಟ್ಟೂರು ಅಂತಲೇ ಇದ್ದವು. ಸರ್ವರು ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಕೂಡ್ಲಿಗಿಯ ನಿಯಮ ಮೇಲಿದ್ದರೆ ಕೊಟ್ಟೂರಿಗೆ ಬಂದವರನ್ನೂ ಅದೇ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಕೊಟ್ಟೂರಿನ ಸಾಲು ಮೊದಲು ಇರಬೇಕು.

ಅಷ್ಟಾದರೂ ಕೆಲವು ಕೊಂಡಿಗಳು ಸತ್ತೇ ಇದ್ದವು. ಅರ್ಧ ದಿನ ಹಾಳಾದ ಮೇಲೆ ಗೊತ್ತಾಯಿತು, ಕೊಟ್ಟೂರಿನ "ಕೊ" ಯೂನಿಕೋಡಿನಲ್ಲಿ ಎರಡು ಥರ ಇರಬಹುದು: ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವ ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಸರ್ವರಿಗೆ ಬೇರೆ ಬೇರೆ. ಹಗರಿಬೊಮ್ಮನಹಳ್ಳಿಯ "ಬೊ"ಗೂ ಇದೇ ಗತಿ. ಎರಡನ್ನೂ ನಮೂನೆಗೆ ಸೇರಿಸಬೇಕಾಯಿತು. ಕನ್ನಡದಲ್ಲಿ ವಿಳಾಸ ಬೇಡ ಅಂತ ನಾನು ಹೇಳಲಾರೆ, ಆದರೆ ಅದಕ್ಕೆ ಇಷ್ಟು ಹೆಚ್ಚಿನ ದುಡಿಮೆ ಇದೆ.

ಕೆಲವರು ಹಳೇ ವಿಳಾಸಗಳನ್ನೆಲ್ಲ ಸೀದಾ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಎಷ್ಟೋ ಸರ್ಕಾರಿ ತಾಣಗಳಲ್ಲೂ ಇದನ್ನು ಕಂಡಿದ್ದೇನೆ. ಕೂಡ್ಲಿಗಿಯಲ್ಲಿ ಒಬ್ಬರ ಮನೆ ಕೇಳಿದವನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದ ಹಾಗೆ! ಗೂಗಲಿನಲ್ಲಿ ಹುಡುಕಿಕೊಳ್ಳಲಿ ಬಿಡಿ ಅನ್ನುವವರೂ ಇದ್ದಾರೆ. ಅಚ್ಚಾದ ಅಡಿಟಿಪ್ಪಣಿಯನ್ನು ಗೂಗಲ್ ತಿದ್ದುತ್ತದೆಯೇ? ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಒಳ್ಳೆಯ ವಿಳಾಸ ಬದಲಾಗಬಾರದು ಅಂತ 1998ರಲ್ಲೇ ಬರೆದಿದ್ದರು.

(ಈ ಪುಕ್ಕಟೆ ಬ್ಲಾಗಿನಲ್ಲಿ ಇಂಥ ನಿಯಮ ಬರೆಯಲು ಜಾಗ ಇಲ್ಲ, ಒಂದೊಂದೇ ಪುಟ ಹೇಳಿ ತಿರುಗಿಸಬೇಕು. ಅದಕ್ಕೇ ಇಲ್ಲಿನ ಹಳೇ ಬರಹಗಳನ್ನು ನಾನು ಅಲ್ಲಾಡಿಸುವುದಿಲ್ಲ.)

ರಾತ್ರಿ ಮಾವನಿಗೆ ಫೋನ್ ಮಾಡಿ ಅದೇ ಹಳೇ ವಿಳಾಸ ಒತ್ತಿಸಿದೆ. "ಬಂತು ನೋಡಪ್ಪಾ... ಆದ್ರೆ ಮೇಲೆ ಬೇರೆ ಏನೋ ಕಾಣ್ತದಲ್ಲ?" ಅಂದರು.