ಶರೀಫಜ್ಜನ ಪದಕ್ಕೆ ಗಿಟಾರ್ ಮೈಲಿಗೆಯೇ?

ನವೆಂಬರ್ ಹತ್ತಿರ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ಏಳುವ ಪ್ರಶ್ನೆ ಒಂದೇ. ಯುವಕರು ಯಾಕೆ ಬರುತ್ತಿಲ್ಲ? ಹಿರಿಯರು ಮುಂದಿನ ಸಾಲಿನಲ್ಲಿ ಬಂದು ಕೂರುತ್ತಾರೆ. ಪುಟ್ಟ ಮಕ್ಕಳು ನೃತ್ಯ ಮುಗಿಸಿ, ಬಹುಮಾನ ಪಡೆದು, ಅಪ್ಪ ಅಮ್ಮನ ಜೊತೆ ಮನೆಗೆ ಹೊರಡುತ್ತಾರೆ. ಹದಿನಾರರಿಂದ ಮೂವತ್ತರ ನಡುವಿನವರು ಮಾತ್ರ ಕಾಣಸಿಗುವುದಿಲ್ಲ. ಈ ಪ್ರಶ್ನೆಗೆ ಪೂರ್ತಿ ಅಲ್ಲದಿದ್ದರೂ ಅರ್ಧ ಉತ್ತರ ನಮ್ಮ ಸನತ್‌ನಗರದಲ್ಲೇ ಇದೆ.

ಆಲ್ವಿನ್ ಕಾರ್ಖಾನೆ ಭರದಿಂದ ನಡೆಯುತ್ತಿದ್ದ ಕಾಲದಲ್ಲಿ ಹಾವೇರಿ ಕಡೆಯಿಂದ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬವೊಂದರ ಮಗ ಇಲ್ಲಿದ್ದಾರೆ. ವಯಸ್ಸು ಐವತ್ತರ ಸಮೀಪ. ಹುಟ್ಟಿದ್ದು, ಬೆಳೆದದ್ದು ಹೈದರಾಬಾದಿನಲ್ಲೇ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು ಮತ್ತು ಹಿಂದಿ, ಮನೆಯಲ್ಲಿ ಕನ್ನಡ. ಆ ಕನ್ನಡವೂ ಮಾತಿಗಷ್ಟೇ. ಓದು ಬರಹ ಬಾರದು. ಕಾಲೇಜಿನ ದಿನಗಳಿಂದ ಇವರಿಗೆ ರಾಕ್ ಸಂಗೀತದ ಹುಚ್ಚು.

ಚಹಾ ಕುಡಿಯುತ್ತಾ ಕುಳಿತರೆ ಇವರ ಅಭಿಪ್ರಾಯಗಳಿಗೆ ಕೊನೆಯಿಲ್ಲ. ಪಿಂಕ್ ಫ್ಲಾಯ್ಡ್ ತಂಡದ 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಂ ಬಿಡಿ ಹಾಡುಗಳಾಗಿ ಕೇಳುವಂಥದ್ದಲ್ಲ, ಹರಿಕಥೆಯ ಹಾಗೆ ಆರಂಭದಿಂದ ಮಂಗಳದವರೆಗೆ ಕೂತು ಕೇಳಬೇಕಂತೆ. ಡೀಪ್ ಪರ್ಪಲ್ ತಂಡದ 1972ರ 'ಮೆಷಿನ್ ಹೆಡ್' ಗಿಟಾರ್ ಕಲಿಯುವ ಹುಡುಗರಿಗೆ ಸರಳೆ ವರಸೆ ಇದ್ದಂತೆ. ಮೆಟಾಲಿಕಾ 1986ರ 'ಮಾಸ್ಟರ್ ಆಫ್ ಪಪೆಟ್ಸ್'ನಲ್ಲಿ ತೋರಿಸಿದ ಖಾರವನ್ನು 1991ರ ಆಲ್ಬಂನಲ್ಲಿ ಕಡಿಮೆ ಮಾಡಿತು, ಅದಕ್ಕೇ ಅದು ಎಲ್ಲರಿಗೂ ರುಚಿಸಿತು ಎಂಬುದು ಇವರ ತೀರ್ಪು. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬೆಂಗಳೂರಿಗೆ ಬಂದಾಗ ಕಾಚಿಗುಡದಲ್ಲಿ ರಾತ್ರಿ ರೈಲು ಹತ್ತಿ ಹೋಗಿ ನೋಡಿ ಬಂದವರು ಇವರು. ಈ ಮಾತುಗಳನ್ನು ಒಪ್ಪದವರೂ ಇರಬಹುದು. ಆದರೆ ಇವರ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಸಂಘಗಳು ಗಮನಿಸಬೇಕು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಹೊರತಂದದ್ದು ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಅವರ ಸಂಸ್ಥೆ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ಎರಡು ತತ್ವಪದಗಳೂ ಇದ್ದವು. ಒಂದು ಭಾನುವಾರ ಸನತ್‌ನಗರದ ಈ ಮನೆಯಲ್ಲಿ 'ಸೋರುತಿಹುದು ಮನೆಯ ಮಾಳಿಗಿ' ಜೋರಾಗಿ ಕೇಳಿಬರುತ್ತಿದ್ದಾಗ ಅಡುಗೆಮನೆಯಲ್ಲಿದ್ದ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಇದು ನಮ್ಮ ಶರೀಫಜ್ಜನ ಪದ ಹೌದಲ್ಲೋ? ಹಿಂಗ್ಯಾಕ ಹಾಡಾಕತ್ತಾರ?" ಎಂದರು. ಮಗ ಸಂಗೀತದ ಬಗ್ಗೆ ಹೇಳಲಿಲ್ಲ, ಬದಲಿಗೆ "ಅವ್ವಾ, ಮಾಳಿಗಿ ಅಂದ್ರ ಏನು?" ಎಂದು ಕೇಳಿದರು. ಫ್ಲಾಟಿನಲ್ಲಿ ಬದುಕಿದವರಿಗೆ ಮಣ್ಣಿನ ಮಾಳಿಗೆ ಹೇಗೆ ಗೊತ್ತಾಗಬೇಕು? ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹಾಕಿ ತುಳಿಯುವುದು, ಸೋರುವಲ್ಲಿ ಪಾತ್ರೆ ಇಟ್ಟು ರಾತ್ರಿಯಿಡೀ ಎಚ್ಚರವಿರುವುದು ಎಲ್ಲವನ್ನೂ ತಾಯಿ ಹೇಳಿದರು. ಆಮೇಲೆ, ಶರೀಫಜ್ಜ ಹೇಳಿದ್ದು ಆ ಮನೆಯನ್ನಷ್ಟೇ ಅಲ್ಲ, ಮನುಷ್ಯನ ಒಳಗಿನ ಮನೆಯನ್ನೂ ಎಂದು ತಿಳಿಸಿದರು. ಎಷ್ಟೋ ವರ್ಷ ಮನೆಯಲ್ಲಿ ನಡೆಯದಿದ್ದ ಕನ್ನಡದ ಪಾಠ ಒಂದು ರಾಕ್ ಆಲ್ಬಂನ ನೆಪದಲ್ಲಿ ನಡೆಯಿತು.

ಈಗ ಮಾತಿನ ಮುಖ್ಯ ಭಾಗಕ್ಕೆ ಬರಬಹುದು. ಈ ಸಂಗೀತಪ್ರಿಯರ ಕಾಲೇಜು ಓದುವ ಮಗಳು ಅದೇ ಪದವನ್ನು ಗಿಟಾರ್ ಜೊತೆ ಕಲಿತಳು. ನಗರದ ಸಂಘವೊಂದರ ರಾಜ್ಯೋತ್ಸವದಲ್ಲಿ ಹಾಡಲು ಹೆಸರು ಕೊಟ್ಟಳು. "ಹಾರ್ಮೋನಿಯಂ, ತಬಲಾ ಇದ್ದರೆ ಹಾಡಲಿ, ಗಿಟಾರ್ ನಮ್ಮ ಸಂಸ್ಕೃತಿಯಲ್ಲ" ಎಂಬ ಉತ್ತರ ಬಂತು. ಹುಡುಗಿ ವಾದಿಸಲಿಲ್ಲ. ಅದೇ ಪದವನ್ನು ತನ್ನ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾಡಿದಳು. ತೆಲುಗು ಗೆಳತಿಯರು ಚಪ್ಪಾಳೆ ತಟ್ಟಿ ಅರ್ಥ ಕೇಳಿದರು. ಸಂಘದ ಸಭಾಂಗಣದ ಕಡೆ ಅವಳು ಮತ್ತೆ ಮುಖ ಮಾಡಿಲ್ಲ.

ಹಾರ್ಮೋನಿಯಂ ನಮ್ಮದು, ಗಿಟಾರ್ ಪರಕೀಯ ಎನ್ನುವ ಮಾತು ಎಷ್ಟು ಸರಿ? ಹಾರ್ಮೋನಿಯಂ ಬಂದದ್ದೂ ಯುರೋಪಿನಿಂದಲೇ. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತ್ತು. ಸುಮಾರು ಮೂರು ದಶಕ ಆ ನಿಷೇಧ ಮುಂದುವರಿಯಿತು. ಇಂದು ಹಾರ್ಮೋನಿಯಂ ಇಲ್ಲದ ಭಜನೆಯನ್ನು ಊಹಿಸಲಾದೀತೇ? ಪಿಟೀಲೂ ಹೊರಗಿನದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಸ್ಯಾಕ್ಸೋಫೋನಿನಲ್ಲಿ ಕೃತಿ ನುಡಿಸಿ ಜಗತ್ತಿಗೆ ಹೆಸರಾದವರು ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಕಚೇರಿ ಕೊಟ್ಟ ಯು. ಶ್ರೀನಿವಾಸ್ ಆಂಧ್ರದ ಪಾಲಕೊಲ್ಲಿನವರು. ಇವರಿಂದ ಸಂಗೀತ ಕೆಟ್ಟಿತೆಂದು ಇಂದು ಯಾರೂ ಹೇಳುವುದಿಲ್ಲ.

ಇನ್ನು ಶರೀಫರ ವಿಚಾರ. 1819ರಲ್ಲಿ ಜನಿಸಿ 1889ರಲ್ಲಿ ಕಾಲವಾದ ಅವರು ಮುಸಲ್ಮಾನ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಸ್ವೀಕರಿಸಿದವರು. ಗೆರೆ ದಾಟಿ ಬದುಕಿದ ಮಹಾನುಭಾವರ ಪದಕ್ಕೆ ಇಂಥದೇ ವಾದ್ಯ ಬೇಕೆಂದು ಗೆರೆ ಎಳೆಯುವುದು ವಿಚಿತ್ರವೇ ಸರಿ. ಏಕತಾರಿ, ದಮ್ಮಡಿಗಳ ಜೊತೆ ಊರೂರಲ್ಲಿ ಕೇಳುತ್ತಿದ್ದ ಆ ಪದಗಳನ್ನು ಸಿ. ಅಶ್ವತ್ಥ್ ವಾದ್ಯವೃಂದದೊಂದಿಗೆ ಹಾಡಿ ಮನೆಮನೆಗೆ ತಲುಪಿಸಿದರು. ಟಿ.ಎಸ್. ನಾಗಾಭರಣ ಅವರ 1990ರ 'ಸಂತ ಶಿಶುನಾಳ ಶರೀಫ' ಚಿತ್ರವನ್ನು ಯಾರು ಮರೆತಾರು? ಬೆಂಗಳೂರಿನ ಅರಮನೆ ಮೈದಾನವನ್ನೇ ನೋಡಿ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ ಆ ಮೈದಾನದಲ್ಲೇ 2005ರಲ್ಲಿ ಅಶ್ವತ್ಥರ 'ಕನ್ನಡವೇ ಸತ್ಯ' ನಡೆಯಿತು, ಜನಸಾಗರವೇ ಸೇರಿತು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿದ್ದೂ ಅಲ್ಲೇ. ಒಂದೇ ಮೈದಾನ ಎಲ್ಲರಿಗೂ ಜಾಗ ಕೊಟ್ಟಿತು.

ಹಾಗೆಂದು ಸಮಿತಿಯ ಹಿರಿಯರ ಆತಂಕಕ್ಕೆ ಅರ್ಥವಿಲ್ಲವೆಂದಲ್ಲ. ಧ್ವನಿವರ್ಧಕದ ಬಾಡಿಗೆ, ಸಭಾಂಗಣದವರ ಷರತ್ತು, ಹೃದ್ರೋಗವಿರುವ ಹಿರಿಯ ಸದಸ್ಯರು, ಇವೆಲ್ಲ ನಿಜವಾದ ತೊಂದರೆಗಳೇ. ಡ್ರಮ್ಸ್ ಅಬ್ಬರದಲ್ಲಿ ಸಾಹಿತ್ಯ ಮುಳುಗಿಹೋದರೆ ಹಾಡಿದ್ದು ಶರೀಫರ ಪದವಾದರೇನು, ಬೇರೆಯದಾದರೇನು? ಈ ದೂರನ್ನು ರಾಕ್ ಅಭಿಮಾನಿಗಳೂ ಒಪ್ಪುತ್ತಾರೆ. ರಘು ದೀಕ್ಷಿತ್ ಅವರ 2013ರ 'ಜಗ್ ಚಂಗಾ'ಗಿಂತ ಮೊದಲ ಆಲ್ಬಂ ಮೇಲು ಎಂದು ಸನತ್‌ನಗರದ ಈ ಅಭಿಮಾನಿ ಹೇಳುವುದಕ್ಕೆ ಕಾರಣವೂ ಅದೇ: ಮೊದಲನೆಯದರಲ್ಲಿ ವಾದ್ಯ ಕಡಿಮೆ, ಮಾತು ಹೆಚ್ಚು ಕೇಳುತ್ತದೆ. ಬೆಂಗಳೂರಿನ ಸ್ವರಾತ್ಮ ತಂಡದ 2009ರ ಮೊದಲ ಆಲ್ಬಂ ಬಗ್ಗೆಯೂ ಅವರಿಗೆ ಮೆಚ್ಚುಗೆಯಿದೆ. ಅದರ ಜೊತೆಗೇ ಒಂದು ಕೊರಗೂ ಇದೆ. ಕೇರಳದ ಅವಿಯಲ್ ತಂಡ 2008ರಲ್ಲಿ ಇಡೀ ಆಲ್ಬಂ ಅನ್ನು ಮಲಯಾಳಂನಲ್ಲೇ ಮಾಡಿತು. ನಮ್ಮ ಹೆಸರಾಂತ ತಂಡಗಳ ಆಲ್ಬಂಗಳಲ್ಲಿ ಹಿಂದಿಯ ನಡುವೆ ಕನ್ನಡಕ್ಕೆ ಒಂದೆರಡು ಹಾಡುಗಳ ಪಾಲು. ಕೇಳುವವರು ಕೇಳಿದರೆ ತಾನೇ ಹಾಡುವವರು ಹಾಡುವುದು? ಕನ್ನಡ ಸಂಘಗಳೇ ಬಾಗಿಲು ಹಾಕಿಕೊಂಡರೆ ಕನ್ನಡದಲ್ಲಿ ಹಾಡಿ ಎಂದು ತಂಡಗಳಿಗೆ ಹೇಳುವ ಹಕ್ಕು ನಮಗೆಲ್ಲಿಂದ ಬಂದೀತು?

ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಬೆಂಗಳೂರಿನಿಂದ ತಂಡ ಕರೆಸಬೇಕೆಂದೂ ಇಲ್ಲ. ಕಾರ್ಯಕ್ರಮದಲ್ಲಿ ಅರ್ಧ ಗಂಟೆ ನಮ್ಮದೇ ಮನೆಗಳ ಹುಡುಗ ಹುಡುಗಿಯರಿಗೆ ಬಿಟ್ಟುಕೊಟ್ಟರೆ ಸಾಕು. ಷರತ್ತು ಹಾಕುವುದಿದ್ದರೆ ಮೂರು ಹಾಕಬಹುದು. ಹಾಡು ಕನ್ನಡದ್ದಾಗಿರಬೇಕು. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಮಾತು ಸ್ಪಷ್ಟವಾಗಿ ಕೇಳಬೇಕು. ಹಾಡುವ ಮುನ್ನ ಅದನ್ನು ಬರೆದವರು ಯಾರು, ಅರ್ಥವೇನು ಎಂದು ಎರಡು ಮಾತು ಕನ್ನಡದಲ್ಲೇ ಹೇಳಬೇಕು. ಆ ಎರಡು ಮಾತಿಗಾಗಿ ಮಕ್ಕಳು ಮನೆಯ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಕೂರಲೇಬೇಕಾಗುತ್ತದೆ. ಸಂಘಗಳು ವರ್ಷವರ್ಷ ಭಾಷಣದಲ್ಲಿ ಬಯಸುವುದೂ ಇದನ್ನೇ ಅಲ್ಲವೇ?

ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರು ಅದೇ ವೇದಿಕೆಯಲ್ಲಿ ಹುಡುಗಿಯ ಗಿಟಾರಿಗೆ ಜೊತೆಯಾದರೆ ಇನ್ನೂ ಒಳ್ಳೆಯದು. ಈ ಬಾರಿಯ ಕಾರ್ಯಕ್ರಮ ಪಟ್ಟಿ ಅಚ್ಚಿಗೆ ಹೋಗುವ ಮುನ್ನ ಪದಾಧಿಕಾರಿಗಳು ಸನತ್‌ನಗರದ ಆ ಮನೆಗೆ ಒಂದು ಫೋನ್ ಮಾಡಲಿ. ಹುಡುಗಿಗೆ ಪದ ಇನ್ನೂ ಬಾಯಿಪಾಠವಿದೆ. ಅವಳು ಹಾಡಲು ಬಂದರೆ ಕೇಳಲು ಅವಳ ಓರಗೆಯ ನಾಲ್ಕು ಮಂದಿಯಾದರೂ ಬಂದೇ ಬರುತ್ತಾರೆ.