‘ಇದು ನಮ್ಮದೇ?’ ಎಂಬ ಲಕ್ಕಮ್ಮನ ಪ್ರಶ್ನೆ



ಕಳೆದ ಶ್ರಾವಣದಲ್ಲಿ ಹಲಸೂರಿನ ಭಕ್ತರೊಬ್ಬರ ಮನೆಯಲ್ಲಿ ಪ್ರವಚನ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದೆವು. ನಿವೃತ್ತ ಶಿಕ್ಷಕಿಯಾದ ಆ ಮನೆಯ ಹಿರಿಯ ತಾಯಿ ಬಳಿಗೆ ಬಂದು, “ಶಾಸ್ತ್ರಿಗಳೇ, ಮೊಮ್ಮಗಳ ಲಿಂಗದೀಕ್ಷೆಗೆಂದು ಕೂಡಿಟ್ಟಿದ್ದ 26,000 ರೂಪಾಯಿ ಹೋಯಿತು. ಆರು ದಿನವಾಯಿತು, ಮಗನಿಗೆ ಹೇಳುವ ಧೈರ್ಯವಿಲ್ಲ” ಎಂದು ಕಣ್ಣೊರೆಸಿಕೊಂಡರು.

ನಡೆದದ್ದು ಇಷ್ಟು. ಹೆಸರಾಂತ ಆನ್‌ಲೈನ್ ಅಂಗಡಿಯೊಂದರ ಹೆಸರಿನಲ್ಲಿ ಅವರಿಗೆ ಇ-ಮೇಲ್ ಬಂದಿತ್ತು. ‘ನೀವು ಕೊಂಡ ಮೊಬೈಲ್ ಫೋನು ಇಂದು ರವಾನೆಯಾಗಲಿದೆ, ಕೊಂಡವರು ನೀವಲ್ಲವಾದರೆ ಒಂದು ಗಂಟೆಯೊಳಗೆ ಇಲ್ಲಿ ಒತ್ತಿ ರದ್ದುಪಡಿಸಿ’ ಎಂದಿತ್ತು. ತಾಯಿ ಗಾಬರಿಯಿಂದ ಒತ್ತಿದರು. ತೆರೆದ ಪುಟದ ಬಣ್ಣ, ಲಾಂಛನ ಎಲ್ಲವೂ ಆ ಅಂಗಡಿಯದರಂತೆಯೇ ಇದ್ದವು. ಅಲ್ಲಿ ಕಾರ್ಡಿನ ಸಂಖ್ಯೆಯನ್ನು, ಬಳಿಕ ಒಟಿಪಿಯನ್ನು ಕೇಳಿದರು, ಇವರು ಕೊಟ್ಟರು. ಹಣ ಹೋಯಿತು.

ಇಂತಹ ವಂಚನೆಗೆ ‘ಫಿಶಿಂಗ್’ ಎಂದು ಹೆಸರು; ಗಾಳ ಹಾಕಿ ಮೀನು ಹಿಡಿದಂತೆ. ಗಾಳಕ್ಕೆ ಸಿಕ್ಕಿಸುವ ಎರೆ ಎರಡು ಬಗೆಯದು. ಒಂದು ಆಸೆ: ‘ನಿಮಗೆ ಬಹುಮಾನ ಬಂದಿದೆ’, ‘ಹಣ ಮರುಪಾವತಿಗೆ ಸಿದ್ಧವಿದೆ’. ಇನ್ನೊಂದು ಭಯ: ‘ನಿಮ್ಮ ಖಾತೆ ಮುಚ್ಚಲಿದೆ’, ‘ನಿಮ್ಮ ಹೆಸರಿನಲ್ಲಿ ಯಾರೋ ಕೊಂಡಿದ್ದಾರೆ’. ಎರಡರಲ್ಲಿಯೂ ಅವಸರವೇ ಪ್ರಧಾನ. ಯೋಚಿಸಲು ಬಿಡುವು ದೊರೆತರೆ ಮೀನು ಗಾಳ ಕಚ್ಚುವುದಿಲ್ಲವೆಂಬುದು ವಂಚಕನಿಗೆ ಗೊತ್ತು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಲಕ್ಕಮ್ಮ ಹಿಗ್ಗಲಿಲ್ಲ. ಇದು ನಮ್ಮದೇ ಎಂದು ತಡೆದು ಕೇಳಿದಳು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳು. ಇ-ಮೇಲ್ ತೆರೆದಾಗ ನಾವು ಕೇಳಿಕೊಳ್ಳಬೇಕಾದುದೂ ಅದೇ ಪ್ರಶ್ನೆ. ನಾನು ದುಡಿಯದ ಬಹುಮಾನ ನನ್ನದೇ? ನಾನು ಕೊಳ್ಳದ ಸರಕು ನನ್ನದೇ? ಅಲ್ಲವೆಂದಾದ ಮೇಲೆ ಅದರ ಹಿಂದೆ ಓಡುವುದೇಕೆ?

ಇನ್ನು ಗುರುತಿಸುವ ಬಗೆ. ಲಾಂಛನವನ್ನು ನಂಬಬೇಡಿ, ಯಾರು ಬೇಕಾದರೂ ನಕಲು ಮಾಡಬಲ್ಲರು. ವಿಳಾಸವನ್ನು ನೋಡಿ. ಕಳುಹಿಸಿದವರ ವಿಳಾಸದಲ್ಲಿ ‘ಡಾಟ್ ಕಾಮ್’ ಅಥವಾ ‘ಡಾಟ್ ಇನ್’ ಎಂಬುದಕ್ಕೆ ತಗುಲಿಕೊಂಡಂತೆ ಎಡಕ್ಕಿರುವ ಹೆಸರೇ ತಾಣದ ನಿಜವಾದ ಹೆಸರು. ‘ಅಂಗಡಿ ಡಾಟ್ ಮರುಪಾವತಿ ಡಾಟ್ ಕಾಮ್’ ಎಂದಿದ್ದರೆ ಅದು ‘ಅಂಗಡಿ’ಯದಲ್ಲ, ‘ಮರುಪಾವತಿ’ ಎಂಬ ಹೆಸರನ್ನು ಪಡೆದಿರುವ ಯಾರದೋ. ಕೃಷ್ಣರಾಜಪುರದ ಮಳಿಗೆಯೊಂದಕ್ಕೆ ‘ಕಮರ್ಷಿಯಲ್ ಸ್ಟ್ರೀಟ್ ಸ್ಟೋರ್ಸ್’ ಎಂಬ ಫಲಕ ತೂಗುಹಾಕಿದ ಮಾತ್ರಕ್ಕೆ ಅದು ಕಮರ್ಷಿಯಲ್ ಸ್ಟ್ರೀಟಿಗೆ ಹೋದೀತೇ? ಅಕ್ಷರವೊಂದನ್ನು ಬದಲಿಸಿ, ಅಂಕಿಯೊಂದನ್ನು ತುರುಕಿ ಮೋಸ ಮಾಡುವವರೂ ಉಂಟು. ಪುಟದ ಮೇಲೆ ಕಾಣುವ ಬೀಗದ ಚಿಹ್ನೆ ದಾರಿಯಲ್ಲಿ ಮಾಹಿತಿ ಸೋರದೆಂದು ಹೇಳುತ್ತದೆಯೇ ಹೊರತು ತಲುಪಿದ ಮನೆಯವನು ಸಜ್ಜನನೆಂದು ಹೇಳುವುದಿಲ್ಲ.

ಇಷ್ಟೆಲ್ಲ ನೆನಪಿಡುವುದು ಕಷ್ಟವೆನ್ನುವ ಹಿರಿಯರಿಗೆ ಒಂದೇ ನಿಯಮ ಸಾಕು: ಪತ್ರ ತೋರಿಸಿದ ಬಾಗಿಲಿನಿಂದ ಹೋಗಬೇಡಿ, ನೀವು ಅರಿತ ಬಾಗಿಲಿನಿಂದ ಹೋಗಿ. ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪುಸ್ತಕ ಮಾರುತ್ತ ಆರಂಭವಾಯಿತು; ಅಮೆಜಾನ್ ಭಾರತದ ತಾಣವನ್ನು ತೆರೆದದ್ದು 2013ರಲ್ಲಿ. ಇಂತಹ ಅಂಗಡಿಯ ಹೆಸರಿನಲ್ಲಿ ಪತ್ರ ಬಂದರೆ ಅದನ್ನು ಮುಚ್ಚಿರಿ. ನಿಮ್ಮ ಫೋನಿನಲ್ಲಿರುವ ಅದರ ಆ್ಯಪನ್ನು ತೆರೆದು ‘ನನ್ನ ಆರ್ಡರ್‌ಗಳು’ ಎಂಬಲ್ಲಿ ನೋಡಿರಿ. ಅಲ್ಲಿ ಇಲ್ಲದ ಸರಕು ಎಲ್ಲಿಯೂ ಇಲ್ಲ. ಪತ್ರದಲ್ಲಿ ಕೊಟ್ಟ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ, ಲಗತ್ತಿಸಿದ ಕಡತ ತೆರೆಯಬೇಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಕಿಲ್ಲ. ಕೇಳಿದರೆ ಹಣ ಹೋಗುತ್ತಿದೆಯೆಂದೇ ತಿಳಿಯಿರಿ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಒಂದು ಬದನೆಕಾಯಿಯನ್ನು ನಾಲ್ಕು ಸಲ ಹೊರಳಿಸಿ ನೋಡುವ ನಮ್ಮ ತಾಯಂದಿರಿಗೆ ಈ ಎಚ್ಚರ ಹೊಸದೇನಲ್ಲ.

ಆದರೂ ತಪ್ಪಿದರೆ? ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣವಂಚನೆಯ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ವಂಚಕನು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯಲು ಸಾಧ್ಯ. ಒಡನೆಯೇ ಬ್ಯಾಂಕಿಗೂ ತಿಳಿಸಿ ಕಾರ್ಡನ್ನು ನಿಲ್ಲಿಸಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ, ಗ್ರಾಹಕರೇ ಗುಟ್ಟಿನ ಸಂಖ್ಯೆ ಕೊಟ್ಟು ಆದ ನಷ್ಟವು ದೂರು ಕೊಡುವವರೆಗೆ ಗ್ರಾಹಕರದು, ದೂರಿನ ನಂತರದ ನಷ್ಟ ಬ್ಯಾಂಕಿನದು ಎಂದು ಸ್ಪಷ್ಟಪಡಿಸಿತು. ಮೌನವಾಗಿದ್ದಷ್ಟು ಕಾಲವೂ ಹೊರೆ ನಮ್ಮದೇ ಎಂದಾಯಿತು.

ಆ ತಾಯಿಯನ್ನು ಕಾಡಿದ್ದು ಈ ಮೌನವೇ. ಅಂದು ಸಂಜೆ ನಾವೇ ಅವರ ಮಗನನ್ನು ಕರೆದು ವಿಷಯ ತಿಳಿಸಿದೆವು. ಅವನು ಬೈಯಲಿಲ್ಲ, “ಅಮ್ಮಾ, ಮೊದಲ ದಿನವೇ ಹೇಳಬಾರದಿತ್ತೇ?” ಎಂದಷ್ಟೇ ಹೇಳಿ 1930ಕ್ಕೆ ಕರೆ ಮಾಡಿದ, ಕಾರ್ಡನ್ನು ನಿಲ್ಲಿಸಿದ. ತಡವಾಗಿತ್ತು, ಹಣ ಮರಳಲಿಲ್ಲ. ಲಿಂಗದೀಕ್ಷೆ ಮಾತ್ರ ನಿಲ್ಲಲಿಲ್ಲ, ಸರಳವಾಗಿ ನೆರವೇರಿತು.

ಮನೆಯ ಕಿರಿಯರಲ್ಲಿ ನಮ್ಮದೊಂದು ವಿನಂತಿ. ಇಂದಿರಾನಗರದ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕಾಯಕ ಮಾಡುವ ನಿಮಗೆ ಇದೆಲ್ಲ ಸುಲಭವಾಗಿ ಕಾಣಬಹುದು. ಹಿರಿಯರು ಎಡವಿದಾಗ ‘ಅಷ್ಟೂ ತಿಳಿಯದೇ?’ ಎಂದು ಹಂಗಿಸಬೇಡಿ. ಹಂಗಿಸುವ ಮನೆಯಲ್ಲಿ ಮುಂದಿನ ಮೋಸ ಇನ್ನೂ ತಡವಾಗಿ ತಿಳಿಯುತ್ತದೆ. ಇಂದೇ ಅವರ ಪಕ್ಕದಲ್ಲಿ ಕುಳಿತು ಒಂದು ಪತ್ರವನ್ನು ತೆರೆದು ತೋರಿಸಿ. ಅದೂ ಒಂದು ದಾಸೋಹವೇ.