ಮೂಕವಾದ ತಾಳಮದ್ದಳೆ

ವೇಷಭೂಷಣಗಳ ಹಂಗಿಲ್ಲದೆ ಮಾತು, ಹಾಡು, ಮದ್ದಳೆಗಳನ್ನೇ ಆಶ್ರಯಿಸಿ ನಿಂತ ತಾಳಮದ್ದಳೆಯ ಹಳೆಯ ಡಿವಿಡಿಯೊಂದನ್ನು ಮೊಬೈಲಿನಲ್ಲಿ ನೋಡಲೆಂದು ಎಂಪಿ4 ಕಡತವಾಗಿ ಪರಿವರ್ತಿಸಿದಾಗ, ಅರ್ಥಧಾರಿಗಳ ತುಟಿಗಳು ಚಲಿಸುತ್ತಿದ್ದರೂ ಒಂದಕ್ಷರವೂ ಕಿವಿಗೆ ಬೀಳದಿದ್ದುದನ್ನು ಕಂಡು ಮನಸ್ಸು ಕಳವಳಗೊಂಡಿತು. ಕಡತವೆಂಬುದು ಕೇವಲ ಪೆಟ್ಟಿಗೆ. ಅದರೊಳಗೆ ಚಿತ್ರಕ್ಕೊಂದು, ಧ್ವನಿಗೊಂದು ಪ್ರತ್ಯೇಕ ಸಂಕೇತಪದ್ಧತಿಯಿರುವುದರಿಂದ, ಡಿವಿಡಿಯ ಎಸಿ-3 ಧ್ವನಿಯನ್ನು ಇದ್ದಂತೆಯೇ ಹೊಸ ಪೆಟ್ಟಿಗೆಗೆ ವರ್ಗಾಯಿಸಿದರೆ, ಆ ಸಂಕೇತವನ್ನು ಬಿಡಿಸಲರಿಯದ ಮೊಬೈಲು ಮೌನ ತಾಳುವುದು ಸಹಜವೇ ಸರಿ. ಆದುದರಿಂದ ಮೊದಲು ಎಫ್‌ಎಫ್‌ಪ್ರೋಬ್‌ನಂತಹ ಸಾಧನದಿಂದ ಮೂಲವನ್ನು ಪರೀಕ್ಷಿಸಿ, ತರುವಾಯ ಧ್ವನಿಯನ್ನು ಮೊಬೈಲು ಬಿಡಿಸಬಲ್ಲ ಎಎಸಿ ಪದ್ಧತಿಗೆ ಮಾರ್ಪಡಿಸತಕ್ಕದ್ದು. ಒಂದು ವೇಳೆ ಧ್ವನಿಯ ವಿವರದೆದುರು ಸೊನ್ನೆ ಚಾನೆಲ್ ಎಂದು ಕಂಡುಬಂದರೆ, ಧ್ವನಿಯೇ ನಾಶವಾಯಿತೆಂದು ಹತಾಶರಾಗದೆ, ಪರಿವರ್ತಕ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್ ಸಾಮಾನ್ಯವಾಗಿ ಕಡತದ ಆರಂಭದ 50 ಲಕ್ಷ ಬೈಟುಗಳಷ್ಟನ್ನೇ ಶೋಧಿಸುವುದೆಂಬುದನ್ನು ನೆನೆದು, ತಡವಾಗಿ ಮೊದಲಾಗುವ ಧ್ವನಿಯ ಸಲುವಾಗಿ ಪ್ರೋಬ್‌ಸೈಜ್, ಅನಲೈಜ್‌ಡ್ಯುರೇಶನ್ ಎಂಬ ಎರಡು ಮಿತಿಗಳನ್ನೂ ಹಿಗ್ಗಿಸತಕ್ಕದ್ದು. ಹೀಗೆ ಮಾಡಿದ ಮೇಲೆ ಭಾಗವತರ ಪದವೂ, ಮದ್ದಳೆಯ ನುಡಿತವೂ, ಅರ್ಥಧಾರಿಗಳ ವಾಗ್ವಾದವೂ ನನಗೆ ಮರಳಿ ದೊರೆತವು. ಹೊಸ ಪ್ರತಿಯನ್ನು ಆದ್ಯಂತವಾಗಿ ಕಿವಿಯಾರೆ ಕೇಳುವವರೆಗೆ ಮೂಲವನ್ನು ಯಾರೂ ಅಳಿಸದಿರಲಿ.